ಇಂಗಿನ ಡಬ್ಬಿಯಲ್ಲಿ ಗೋಧಿ

ನಂಗೆ ಸೀಲಿಯಾಕ್, ಅಂದ್ರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಅನ್ನೋ ಪ್ರೋಟೀನು ಕರುಳಿಗೆ ಆಗದ ಕಾಯಿಲೆ, ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ಹಿಮೋಗ್ಲೋಬಿನ್ ಎಂಟರ ಹತ್ರ ಇತ್ತು, ಕಬ್ಬಿಣದ ಮಾತ್ರೆ ಎಷ್ಟು ನುಂಗಿದ್ರೂ ಏರ್ತಾ ಇರ್ಲಿಲ್ಲ, ಕೊನೆಗೆ ಮಂಗಳೂರಲ್ಲಿ ಡಾಕ್ಟ್ರು ಈ ಕಾಯಿಲೆ ಪತ್ತೆ ಮಾಡುವ ಟಿಟಿಜಿ ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಮಾಡಿಸಿ, ಗೋಧಿ ತಿಂದು ತಿಂದು ಸಣ್ಣಕರುಳಿನ ಒಳಪದರ ಸವೆದಿದೆ, ಮತ್ತೆ ಕಬ್ಬಿಣ ಹೀರೋದು ಹೇಗೆ ಅಂದ್ರು.

ನಮ್ಮೂರು ಬದಿಯಡ್ಕದಲ್ಲಿ ಯಾರಿಗೆ ಹೇಳಿದ್ರೂ ಒಂದೇ ಮಾತು, "ಅದಕ್ಕೆಂತ ಮಾರಾಯ್ತಿ, ನಾವು ಅನ್ನ ಉಣ್ಣುವವರಲ್ವಾ, ಚಪಾತಿ ಬಿಟ್ರೆ ಮುಗೀತು." ನಾನೂ ಹಾಗೇ ಅಂದ್ಕೊಂಡೆ. ನೀರುದೋಸೆ, ಕೊಟ್ಟಿಗೆ, ಕುಚ್ಚಲಕ್ಕಿ ಅನ್ನ, ಪತ್ರೊಡೆ, ಎಲ್ಲಾ ಅಕ್ಕಿಯದ್ದೇ ಅಲ್ವಾ. ಆದ್ರೆ ಆರು ತಿಂಗಳು ಬಿಟ್ಟು ಪುನಃ ಟೆಸ್ಟ್ ಮಾಡಿಸಿದ್ರೆ ಟಿಟಿಜಿ ಇಳಿಯಬೇಕಾದಷ್ಟು ಇಳಿದಿರ್ಲೇ ಇಲ್ಲ.

ಕಳ್ಳ ಇದ್ದದ್ದು ಒಲೆ ಪಕ್ಕದ ಇಂಗಿನ ಡಬ್ಬಿಯಲ್ಲಿ! ಅಂಗಡಿ ಇಂಗು ಬರೀ ಇಂಗಲ್ಲ, ಅದಕ್ಕೆ ಹಿಟ್ಟು ಸೇರಿಸಿರ್ತಾರೆ, ಸುಮಾರು ಕಂಪನಿಯದ್ರಲ್ಲಿ ಅದು ಮೈದಾ ಇಲ್ಲಾ ಗೋಧಿಹಿಟ್ಟು. ಸಾರಿಗೆ ಇಂಗು, ಉಪ್ಪಿನಕಾಯಿಗೆ ಇಂಗು, ಹಲಸಿನ ಹಪ್ಪಳಕ್ಕೂ ಇಂಗು. ಅತ್ತೆಗೆ ಹೇಳಿದಾಗ "ಇಷ್ಟು ವರ್ಷ ನಾನೇ ನಿಂಗೆ ವಿಷ ಹಾಕಿದ್ದಾ" ಅಂತ ಮುಖ ಸಣ್ಣ ಮಾಡಿದ್ರು. ಈಗ ಡಬ್ಬಿ ಹಿಂದಿನ ಸಣ್ಣಕ್ಷರ ಓದಿ ಅಕ್ಕಿಹಿಟ್ಟು ಸೇರಿಸಿದ ಇಂಗು ತರ್ತೇವೆ, ಸಿಗದಿದ್ರೆ ಬೆಳ್ಳುಳ್ಳಿ ಒಗ್ಗರಣೆ.

ಮತ್ತೊಂದು ಹಿಟ್ಟಿನ ಮಿಲ್ಲು. ನನ್ನ ರಾಗಿಗಿಂತ ಮುಂಚೆ ಯಾರದ್ದೋ ಗೋಧಿ ಬೀಸಿರ್ತಾರೆ, ಅದು ಮಿಷನ್ನಲ್ಲಿ ಉಳಿದು ನನ್ನ ಹಿಟ್ಟಿಗೆ ಬರ್ತದೆ. ಅಷ್ಟಕ್ಕೆಲ್ಲ ಎಂತಾಗ್ತದೆ ಅಂತ ಕೇಳ್ಬೇಡಿ, ಗ್ಲುಟನ್ ಫ್ರೀ ಅಂತ ಪ್ಯಾಕೆಟ್ ಮೇಲೆ ಹಾಕ್ಲಿಕ್ಕೆ ಗ್ಲುಟನ್ ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಅಂತ ಕಾನೂನೇ ಉಂಟು. ಹಾಗಾಗಿ ರಾಗಿ ತೊಳೆದು ಒಣಗಿಸಿ ಮಿಕ್ಸಿಯಲ್ಲೇ ಹಾಕ್ತೇನೆ, ಸ್ವಲ್ಪ ತರಿ ಇರ್ತದೆ, ಇರ್ಲಿ.

ರಾಗಿ ಯಾಕೆ ಅಂದ್ರೆ, ಗೋಧಿ ಬಿಟ್ಟು ಬರೀ ಬೆಳ್ತಿಗೆ ಅನ್ನ ಉಂಡ್ರೆ ನಾರೂ ಕಮ್ಮಿ, ಕಬ್ಬಿಣವೂ ಕಮ್ಮಿ. ಕ್ಯಾಲ್ಸಿಯಂಗೆ ರಾಗಿ ಅಂಬಲಿ, ಮತ್ತೆ ಹುರುಳಿ ಸಾರು, ಅಲಸಂಡೆ, ಹರಿವೆ, ಬಸಳೆ. ಕಬ್ಬಿಣದ ಮಾತ್ರೆ ಜೊತೆ ಚಾ ಕುಡಿಯೋದು ಬಿಟ್ಟೆ, ಕಬ್ಬಿಣ ಸರಿಯಾಗಿ ಹೀರಲಿ ಅಂತ. ಹಾರ್ಲಿಕ್ಸೂ ಬಿಟ್ಟೆ, ಅದ್ರಲ್ಲಿ ಬಾರ್ಲಿ, ಗೋಧಿ ಎರಡೂ ಉಂಟು.

ಹಾಂ, ಇದನ್ನು ಓದಿ ನಂಗೂ ಇರ್ಬಹುದು ಅಂತ ನಾಳೆಯಿಂದಲೇ ಗೋಧಿ ಬಿಡ್ಬೇಡಿ. ಬಿಟ್ಟ ಮೇಲೆ ಟೆಸ್ಟ್ ಮಾಡಿಸಿದ್ರೆ ಕಾಯಿಲೆ ಇದ್ರೂ ಕಾಣದೆ ಹೋಗ್ಬಹುದು. ನನ್ನ ತಂಗಿ ಹಾಗೇ ಮಾಡಿ ಈಗ ಟೆಸ್ಟಿಗೋಸ್ಕರ ಪುನಃ ಚಪಾತಿ ತಿಂತಾ ಇದ್ದಾಳೆ, ಬೈಕೊಂಡು.

ಹೋದ ವಾರ ಒಂದು ಉಪನಯನಕ್ಕೆ ಹೋಗಿದ್ದೆ. ಒಗ್ಗರಣೆಗೆ ಮೊದಲೇ ನಂಗೆ ಒಂದು ಪಾತ್ರೆ ಸಾರು ತೆಗೆದಿಡಿ ಅಂದಿದ್ದೆ, ಅಡಿಗೆ ಭಟ್ರು ಪಾಪ ನೆನಪಿಟ್ಟು ತೆಗೆದಿಟ್ಟಿದ್ರು. ಬಡಿಸುವ ಹುಡುಗ ದೊಡ್ಡ ಬಕೆಟಿನ ಸೌಟನ್ನೇ ಅದಕ್ಕೆ ಮುಳುಗಿಸಿಬಿಟ್ಟ. ಮಜ್ಜಿಗೆ ಅನ್ನ ಉಂಡು ಎದ್ದೆ, ಮಜ್ಜಿಗೆಗೂ ಇಂಗು ಹಾಕಿದ್ದಾರಾ ಅಂತ ಕೇಳಿದ ಮೇಲೆಯೇ.