ಶಾಟೋ ಗಯಾರ್: ಶತ್ರು ಬಂದ ದಾರಿಯಲ್ಲೇ ಒಂದು ಸುತ್ತು

ಕೋಟೆ ನೋಡೋಕೆ ಮೇಲಿನಿಂದ ಕೆಳಗೆ ಇಳಿದು ಹೋಗಬೇಕು ಅನ್ನೋದೇ ನನಗೆ ಮೊದಲು ವಿಚಿತ್ರ ಅನ್ನಿಸಿತು. ಚಿತ್ರದುರ್ಗದಲ್ಲಿ ಬೆಳೆದವನಿಗೆ ಕೋಟೆ ಅಂದರೆ ಹತ್ತುವುದು. ಇಲ್ಲಿ ಕಾರು ನಿಲ್ಲಿಸುವ ಜಾಗವೇ ಕೋಟೆಗಿಂತ ಎತ್ತರದಲ್ಲಿದೆ. ಅಲ್ಲಿ ನಿಂತರೆ ಇಡೀ ಕೋಟೆ, ಅದರ ಹಿಂದೆ ಸೇನ್ ನದಿಯ ದೊಡ್ಡ ತಿರುವು, ನದಿ ಪಕ್ಕದ ಊರು, ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತೆ.

ಊರಿನ ಹೆಸರು ಲೇಜಾಂದ್ಲಿ. ಫ್ರಾನ್ಸಿನ ನಾರ್ಮಂಡಿಯಲ್ಲಿ, ಪ್ಯಾರಿಸ್‌ನಿಂದ ಆ ಸೀಮೆಯ ಮುಖ್ಯ ಪಟ್ಟಣ ರುವಾಂ ಕಡೆಗೆ ಹೋಗುವಾಗ ಸಿಗುತ್ತೆ. ಅಕ್ಕ ಭಾವ ಪ್ಯಾರಿಸ್ ಹೊರವಲಯದಲ್ಲಿದ್ದಾರೆ. ಐಫೆಲ್ ಗೋಪುರ ಎಲ್ಲ ಮುಗಿದ ಮೇಲೆ ಭಾವನೇ, "ನಿಮ್ಮ ದುರ್ಗದವರಿಗೆ ಕೋಟೆ ತೋರಿಸದೆ ಕಳಿಸಿದರೆ ನಿಮ್ಮಕ್ಕ ಬಿಡಲ್ಲ, ಹತ್ತು ಕಾರು" ಅಂದರು. ಹಿಂದಿನ ಸೀಟಿನಲ್ಲಿ ಅಕ್ಕನ ಮಗ. ಅವನಿಗೆ ಈ ಕೋಟೆಯ ಕತೆ ಸ್ಕೂಲಿನಲ್ಲೇ ಗೊತ್ತು. ಅದರಲ್ಲೂ ಕಕ್ಕಸಿನ ಭಾಗ ಬಾಯಿಪಾಠ. ಅದಕ್ಕೆ ಆಮೇಲೆ ಬರ್ತೀನಿ.

ಆ ಎತ್ತರದ ಜಾಗದಲ್ಲಿ ನಿಂತಾಗಲೇ ಕೋಟೆಯ ನಕ್ಷೆ ಅರ್ಧ ಅರ್ಥವಾಗುತ್ತೆ. ನದಿಯ ಕಡೆ ಕಡಿದಾದ ಸುಣ್ಣಕಲ್ಲಿನ ಬಂಡೆ, ಆ ಕಡೆಯಿಂದ ಯಾರೂ ಬರೋಕಾಗಲ್ಲ. ಉಳಿದ ಪಕ್ಕಗಳೂ ಇಳಿಜಾರು. ಕೋಟೆ ಇರುವ ದಿಣ್ಣೆ ಪಕ್ಕದ ಗುಡ್ಡಕ್ಕೆ ಸೇರಿಕೊಂಡಿರುವುದು ಆಗ್ನೇಯ ದಿಕ್ಕಿನಲ್ಲಿ ಮಾತ್ರ, ಅಂದರೆ ನಾವು ನಿಂತಿದ್ದ ಕಡೆ. ದಾಳಿ ಆದರೆ ಇಲ್ಲಿಂದಲೇ ಆಗಬೇಕು. ಹಾಗಾಗಿ ಕಟ್ಟಿಸಿದವನು ತನ್ನ ಬುದ್ಧಿಯನ್ನೆಲ್ಲ ಈ ಒಂದು ದಿಕ್ಕಿಗೆ ಖರ್ಚು ಮಾಡಿದ್ದಾನೆ. 1203ರಲ್ಲಿ ಮುತ್ತಿಗೆ ಹಾಕಿದ ಫ್ರಾನ್ಸಿನ ರಾಜ ಎರಡನೇ ಫಿಲಿಪ್ ಕವಣೆ ಯಂತ್ರಗಳನ್ನು ಹೂಡಿದ್ದೂ ಈ ಎತ್ತರದಲ್ಲೇ. ಟೂರಿಸ್ಟುಗಳು ಫೋಟೋ ತೆಗೆಯೋದೂ ಇಲ್ಲಿಂದಲೇ.

ಕಟ್ಟಿಸಿದವನು ಇಂಗ್ಲೆಂಡಿನ ರಾಜ ರಿಚರ್ಡ್. ಲಯನ್‌ಹಾರ್ಟ್ ಅಂತ ಕರೀತಾರಲ್ಲ, ಅವನೇ. ಆಗ ನಾರ್ಮಂಡಿಯೂ ಅವನ ಕೈಯಲ್ಲಿತ್ತು. ಅವನು ಕ್ರುಸೇಡ್ ಅನ್ನೋ ಧರ್ಮಯುದ್ಧ ಮುಗಿಸಿ ವಾಪಸ್ ಬರುವಾಗ ದಾರಿಯಲ್ಲಿ ಸೆರೆ ಸಿಕ್ಕಿದ್ದ. ಆ ಸಮಯ ನೋಡಿಕೊಂಡು ಫಿಲಿಪ್ ನಾರ್ಮಂಡಿ ಗಡಿಯ ಜಿಝೋರ್ ಕೋಟೆಯನ್ನು ನುಂಗಿ ಹಾಕಿದ. ರುವಾಂಗೆ ಹೋಗುವ ದಾರಿ ತೆರೆದುಕೊಂಡಂತಾಯಿತು. ಅದನ್ನು ಮುಚ್ಚೋಕೆ ರಿಚರ್ಡ್ 1196ರಲ್ಲಿ ಈ ಕೆಲಸ ಶುರುಮಾಡಿದ. ಜಾಗ ಮಾತ್ರ ಅವನದಲ್ಲ, ರುವಾಂ ಆರ್ಚ್‌ಬಿಷಪ್‌ದು. ಸಾಲದ್ದಕ್ಕೆ ಅಲ್ಲಿ ಕೋಟೆ ಕಟ್ಟಬಾರದು ಅಂತ ಅದೇ ವರ್ಷ ಫಿಲಿಪ್ ಜೊತೆ ಒಪ್ಪಂದ ಬೇರೆ ಆಗಿತ್ತು! ಆರ್ಚ್‌ಬಿಷಪ್ ಸಿಟ್ಟಾಗಿ ಇಡೀ ನಾರ್ಮಂಡಿಯಲ್ಲಿ ಚರ್ಚಿನ ಕೆಲಸಗಳನ್ನೇ ನಿಲ್ಲಿಸಿಬಿಟ್ಟ. ಹೂಳೋರಿಲ್ಲದೆ ಹೆಣಗಳು ಬೀದಿಯಲ್ಲಿ ಬಿದ್ದಿದ್ದವಂತೆ. ಕೊನೆಗೆ ಪೋಪ್ ನಡುವೆ ಬಂದರು, ರಿಚರ್ಡ್ ರೇವು ಪಟ್ಟಣ ದಿಯೆಪ್ಪನ್ನು ಬದಲಿಗೆ ಕೊಟ್ಟ, ಗಲಾಟೆ ಮುಗಿಯಿತು. ಅಷ್ಟೆಲ್ಲ ಆಗುವಾಗಲೂ ಕೆಲಸ ನಿಂತಿರಲಿಲ್ಲ. ಎರಡೇ ವರ್ಷದಲ್ಲಿ, 1198ಕ್ಕೆ, ಕೋಟೆ ಎದ್ದು ನಿಂತಿತು. ಖರ್ಚು ಸುಮಾರು 12,000 ಪೌಂಡ್. ಇಂಗ್ಲೆಂಡಿನ ಕೋಟೆಗಳಿಗೆಲ್ಲ ಸೇರಿ ತನ್ನ ಇಡೀ ಆಳ್ವಿಕೆಯಲ್ಲಿ ಅವನು ಖರ್ಚು ಮಾಡಿದ್ದು ಇದಕ್ಕಿಂತ ಕಡಿಮೆ. ಮರುವರ್ಷ ಶಾಲ್ಯೂ ಅನ್ನೋ ಪುಟ್ಟ ಕೋಟೆಯ ಮುಂದೆ ಬಾಣ ತಗುಲಿ ಸತ್ತ. ಕೋಟೆ ತಮ್ಮ ಜಾನ್‌ನ ಪಾಲಿಗೆ ಬಂತು.

ಇಳಿದು ಹೋದರೆ ಮೊದಲು ಸಿಗೋದು ಹೊರಕೋಟೆ. ಅದು ತ್ರಿಕೋನ ಆಕಾರದಲ್ಲಿದೆ. ಅದರ ಚೂಪು ತುದಿ ಶತ್ರುವಿನ ಕಡೆಗೆ, ತುದಿಯಲ್ಲಿ ದೊಡ್ಡದೊಂದು ಬುರುಜು. ಅದರ ಒಂದು ಮಗ್ಗುಲು ಇನ್ನೂ ನಿಂತಿದೆ. ಹತ್ತಿರ ಹೋಗಿ ನೋಡಿದೆ. ಮೇಲಿನ ಕೆತ್ತಿದ ಕಲ್ಲುಗಳನ್ನು ಯಾವ ಕಾಲದಲ್ಲೋ ಕಿತ್ತುಕೊಂಡು ಹೋಗಿದ್ದಾರೆ. ಒಳಗಿನ ಗಾರೆ ಮಾತ್ರ ಉಳಿದಿದೆ, ಅದರ ತುಂಬಾ ಮುಷ್ಟಿಗಾತ್ರದ ಕಪ್ಪು ಚಕಮಕಿ ಕಲ್ಲುಗಳು. ಒಡೆದ ಕಡೆ ಗಾಜಿನಂತೆ ಹೊಳೆಯುತ್ತವೆ. ಗೋಡೆ ಸವರಿದರೆ ಕೈ ಎಲ್ಲ ಬಿಳಿ. ನಮ್ಮೂರಿನ ಬಂಡೆ ಎಲ್ಲಿ, ಉಗುರಿನಲ್ಲಿ ಗೀರಿದರೆ ಪುಡಿ ಉದುರುವ ಈ ಗುಡ್ಡ ಎಲ್ಲಿ? ಅದಕ್ಕೇ ಇಲ್ಲಿ ಸುರಂಗ ಕೊರೆಯೋದು ಸುಲಭವಾಯಿತು. ಫಿಲಿಪ್‌ನ ಕಡೆಯವರು 1204ರ ಆರಂಭದಲ್ಲಿ ಈ ಬುರುಜಿನ ಬುಡ ಕೊರೆದು ಬೀಳಿಸಿದರು, ಹೊರಕೋಟೆ ಹೋಯಿತು.

ಹೊರಕೋಟೆಗೂ ನಡುಕೋಟೆಗೂ ಮಧ್ಯೆ ಆಳವಾದ ಒಣ ಕಂದಕ. ಈಗ ಅದರೊಳಗೆ ಹುಲ್ಲು ಬೆಳೆದಿದೆ. ಅಕ್ಕ ಅಲ್ಲೇ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಅಕ್ಕನ ಮಗ ನನ್ನ ಕೈ ಹಿಡಿದು ಎಳೆದ, "ಮಾಮ, ಇಲ್ಲಿ ಬಾ, ಇಲ್ಲೇ ಕಕ್ಕಸು ಇದ್ದಿದ್ದು!"

ನಡುಕೋಟೆಯ ಗೋಡೆಗೆ ಅಂಟಿಕೊಂಡಂತೆ ಜಾನ್ ಒಂದು ಕಟ್ಟಡ ಸೇರಿಸಿದ್ದ. ಕೆಳಗೆ ಕಕ್ಕಸು, ಮೇಲೆ ಪ್ರಾರ್ಥನೆಯ ಮನೆ. ಫಿಲಿಪ್‌ನ ಸೈನಿಕರಲ್ಲಿ ಬೋಜಿಸ್ ಅನ್ನೋನೊಬ್ಬ ಕೆಲವರ ಜೊತೆ ಅಲ್ಲಿಂದ ಒಳಗೆ ತೂರಿದ. ಕಕ್ಕಸಿನ ಕೊಳವೆಯಲ್ಲಿ ಹತ್ತಿ ಬಂದರು ಅಂತ ಜನ ಹೇಳೋದು, ಮಕ್ಕಳಿಗೆ ಇಷ್ಟವಾಗೋದೂ ಅದೇ. ಪ್ರಾರ್ಥನೆಯ ಮನೆಯ ಕಿಟಕಿಯಿಂದ ನುಗ್ಗಿದರು ಅಂತ ಹೇಳುವ ಇತಿಹಾಸಕಾರರೂ ಇದ್ದಾರೆ. ನನಗಂತೂ ಎರಡನೆಯದೇ ಸರಿ ಅನ್ನಿಸುತ್ತೆ, ಆದರೆ ಹುಡುಗನ ಮುಂದೆ ಹೇಳಲಿಲ್ಲ. ಹೇಗೋ ಒಳಗೆ ಬಂದವರು ಗದ್ದಲ ಎಬ್ಬಿಸಿದರು. ಕಾವಲಿನವರು ಆ ಕಟ್ಟಡಕ್ಕೇ ಬೆಂಕಿ ಇಟ್ಟರು, ಬೆಂಕಿ ಅವರ ಕಡೆಗೇ ತಿರುಗಿತು, ಅವರೇ ಒಳಕೋಟೆಗೆ ಓಡಬೇಕಾಯಿತು.

ನಾನು ಇದನ್ನೆಲ್ಲ ಹೇಳಿದಾಗ ಅಕ್ಕ ಸಿಪ್ಪೆಯನ್ನು ಕವರಿಗೆ ಹಾಕುತ್ತಾ, "ಇಲ್ಲಿನ ಕಾವಲುಗಾರನೂ ಊಟಕ್ಕೆ ಹೋಗಿದ್ದನೇನೋ" ಅಂದಳು. ಭಾವನಿಗೆ ನಗು ತಡೆಯಲಿಲ್ಲ. ದುರ್ಗದವರಿಗೆ ಕಿಂಡಿ ಅಂದರೆ ಓಬವ್ವ ಬಿಟ್ಟು ಬೇರೆ ಏನು ನೆನಪಾಗಬೇಕು!

ಒಳಕೋಟೆಗೆ ಟಿಕೆಟ್ ಇದೆ. ಅದರ ಗೋಡೆ ನೋಡೋಕಾದರೂ ಹೋಗಬೇಕು. ಹೊರಮೈ ನೇರವಾಗಿಲ್ಲ, ಸಾಲಾಗಿ ಅರ್ಧಗೋಲದ ಉಬ್ಬುಗಳು. ಕಲ್ಲು ಬಂದು ಬಡಿದರೆ ಜಾರಲಿ, ಗೋಡೆಯ ಬುಡದಲ್ಲಿ ಶತ್ರು ಅಡಗೋಕೆ ಮೂಲೆ ಸಿಗದಿರಲಿ ಅಂತ. ಆ ಕಾಲಕ್ಕೆ ಇದು ಹೊಸದು. ಆದರೆ ನಡುಕೋಟೆಯಿಂದ ಇಲ್ಲಿಗೆ ದಾಟೋಕೆ ಕಂದಕದ ಮಧ್ಯೆ ಬಂಡೆಯನ್ನೇ ಸೇತುವೆಯಂತೆ ಕಡಿಯದೆ ಬಿಟ್ಟಿದ್ದಾರೆ. ಕೊರೆಯುವವರಿಗೆ ಅದೇ ಸೂರಾಯಿತು. ಅದರ ಮರೆಯಲ್ಲಿ ಕೂತು ಗೋಡೆಯ ಬುಡ ಕೊರೆದರು, ಯಂತ್ರದ ಕಲ್ಲುಗಳು ಉಳಿದ ಕೆಲಸ ಮುಗಿಸಿದವು. 1204ರ ಮಾರ್ಚ್ 6ಕ್ಕೆ ಕೋಟೆ ಫಿಲಿಪ್‌ನದಾಯಿತು. ಒಳಗೆ ಉಳಿದಿದ್ದವರು ಇನ್ನೂರು ಜನವೂ ಇಲ್ಲ. "ಇಷ್ಟು ದೊಡ್ಡ ಬುರುಜು ಇತ್ತಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತಲ್ಲ?" ಅಂತ ಭಾವ ಕೇಳಿದರು. ನಡುವಿನ ಆ ಬುರುಜು ನಿಜಕ್ಕೂ ದೊಡ್ಡದೇ. ಒಳಗೆ ದುಂಡಗೆ, ಹೊರಗೆ ಹಡಗಿನ ಮೂತಿಯಂತೆ ಚೂಪು. ಆದರೆ ಅದನ್ನು ಬಳಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೆಲವೇ ತಿಂಗಳಲ್ಲಿ ರುವಾಂ ಕೂಡ ಬಿತ್ತು, ನಾರ್ಮಂಡಿ ಜಾನ್‌ನ ಕೈ ತಪ್ಪಿತು.

ಗೋಡೆ, ಬುರುಜುಗಳಿಗಿಂತ ನನ್ನ ತಲೆಯಲ್ಲಿ ಕೂತಿದ್ದು ಇಳಿಜಾರಿನ ಜನ. ಮುತ್ತಿಗೆ ಶುರುವಾದಾಗ ಕೆಳಗಿನ ಊರಿನವರು ಸಾವಿರಕ್ಕೂ ಜಾಸ್ತಿ ಮಂದಿ ಕೋಟೆಯೊಳಗೆ ಬಂದು ಸೇರಿಕೊಂಡರು. ದವಸ ಸಾಲದು ಅಂತ ಕೋಟೆಯ ಅಧಿಕಾರಿ ರೋಜರ್ ಡಿ ಲೇಸಿ ಅವರನ್ನು ತಂಡ ತಂಡವಾಗಿ ಹೊರಗೆ ಕಳಿಸಿದ. ಮೊದಲು ಬಂದವರನ್ನು ಫಿಲಿಪ್‌ನ ಸೈನಿಕರು ದಾಟಿ ಹೋಗೋಕೆ ಬಿಟ್ಟರು. ಕೊನೆಯವರನ್ನು ಬಿಡಲಿಲ್ಲ. ವಾಪಸ್ ಬಂದರೆ ಕೋಟೆಯ ಬಾಗಿಲೂ ಮುಚ್ಚಿತ್ತು. ಚಳಿಗಾಲದಲ್ಲಿ ಎರಡೂ ಕಡೆಯ ಮಧ್ಯೆ, ಗುಡ್ಡದ ಮೇಲೆ, ಹುಲ್ಲು ತಿಂದು, ನಾಯಿ ತಿಂದು ಬದುಕಿದರು ಅಂತ ಫಿಲಿಪ್‌ನ ಜೊತೆಗಿದ್ದ ಪಾದ್ರಿ ಗಿಯೋಮ್ ಬರೆದಿಟ್ಟಿದ್ದಾನೆ. ಕೊನೆಗೆ ಫಿಲಿಪ್ ಊಟ ಕೊಡಿಸಿ ಬಿಡಿಸಿದ, ಅಷ್ಟರಲ್ಲಿ ಎಷ್ಟೋ ಜನ ಸತ್ತಿದ್ದರು. ಕಕ್ಕಸಿನ ಕತೆಯನ್ನು ಎಲ್ಲರೂ ಹೇಳ್ತಾರೆ, ಇದನ್ನು ಅಷ್ಟು ಜೋರಾಗಿ ಯಾರೂ ಹೇಳಲ್ಲ. ಅಕ್ಕನ ಮಗನಿಗೂ ಗೊತ್ತಿರಲಿಲ್ಲ.

ಕೋಟೆ ಹೀಗೆ ಹಾಳಾಗಿದ್ದು ಮುತ್ತಿಗೆಯಿಂದಲ್ಲ. ಆಮೇಲೂ ಅದನ್ನು ರಿಪೇರಿ ಮಾಡಿ ಬಳಸಿದರು. ಸ್ಕಾಟ್ಲೆಂಡಿನ ರಾಜ ಎರಡನೇ ಡೇವಿಡ್ ಹುಡುಗನಾಗಿದ್ದಾಗ ಇಲ್ಲಿ ಆಶ್ರಯ ಪಡೆದಿದ್ದ. 1599ರಲ್ಲಿ ಫ್ರಾನ್ಸಿನ ರಾಜ ನಾಲ್ಕನೇ ಹೆನ್ರಿಯೇ ಕೆಡವಿ ಅಂತ ಅಪ್ಪಣೆ ಕೊಟ್ಟ. ಹತ್ತಿರದ ಮಠದ ಸನ್ಯಾಸಿಗಳು ತಮ್ಮ ಕಟ್ಟಡಗಳಿಗೆ ಕಲ್ಲು ಸಾಗಿಸಿದರು. 1862ರಲ್ಲಿ ಸರ್ಕಾರ ಸ್ಮಾರಕ ಅಂತ ಘೋಷಿಸಿತು.

ಹೋಗೋದಾದರೆ ಮೇಲಿನಿಂದ ಹೋಗಿ, ಮಳೆ ಬಿದ್ದಿದ್ದರೆ ಒಳ್ಳೆ ಶೂ ಹಾಕಿಕೊಳ್ಳಿ, ಸುಣ್ಣದ ಮಣ್ಣು ಸಿಕ್ಕಾಪಟ್ಟೆ ಜಾರುತ್ತೆ. ಬುತ್ತಿ ಕಟ್ಟಿಕೊಳ್ಳಿ. ನಾವು ಊರಿಗೆ ಇಳಿಯುವಷ್ಟರಲ್ಲಿ ಎರಡು ಗಂಟೆ ದಾಟಿತ್ತು, ಎಲ್ಲ ಹೋಟೆಲ್‌ಗಳಲ್ಲೂ ಅಡುಗೆಮನೆ ಮುಚ್ಚಿತ್ತು.