ಸಾರ್ ಇಲ್ವಾ ಮನೇಲಿ?

ಮಂಗಳವಾರ ಬೆಳಿಗ್ಗೆ ಏಳೂವರೆ. ಅತ್ತೆ ಖಾಲಿ ಹೊಟ್ಟೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ. ಶುಗರ್ ಟೆಸ್ಟಿಗೆ ರಕ್ತ ಕೊಟ್ಟ ತಕ್ಷಣ ತಿನ್ನಲು ಮಡಿಲಲ್ಲಿ ಇಡ್ಲಿ ಡಬ್ಬಿ. ನಾನು ಕೀ ತಿರುಗಿಸಿದೆ. ಟಕ್ ಟಕ್ ಟಕ್ ಟಕ್. ಅಷ್ಟೇ. ಇನ್ನೊಂದು ಸಲ ತಿರುಗಿಸಿದೆ. ಮುಂದಿನ ದೀಪಗಳೆಲ್ಲ ಮಿಣುಕಿ ಆರಿದವು.

"ನಿನ್ನೆ ಚೆನ್ನಾಗೇ ಇತ್ತಲ್ಲ?" ಅಂದರು ಅತ್ತೆ, ರಾತ್ರಿಯೆಲ್ಲ ಕೂತು ನಾನೇ ಕೆಡಿಸಿದ ಹಾಗೆ.

ಬಾನೆಟ್ ಎತ್ತಿದ್ದೇ ತಪ್ಪಾಯಿತು. ಮೈಸೂರಿನ ನಮ್ಮ ಬೀದಿಯಲ್ಲಿ ಬಾನೆಟ್ ಎತ್ತುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಎದುರು ಮನೆ ಅಂಕಲ್ ಪೇಪರ್ ಮಡಚಿಟ್ಟು ಬಂದರು. ನನ್ನ ಕೈಯಲ್ಲಿದ್ದ ಕೀ ನೋಡಿದರು. ನನ್ನನ್ನು ನೋಡಿದರು. ಆಮೇಲೆ ನಮ್ಮ ಬಾಗಿಲ ಕಡೆ ನೋಡಿ ಕೇಳಿದರು, "ಸಾರ್ ಇಲ್ವಾ ಮನೇಲಿ?"

ಸಾರ್ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿದ್ದರು. ಇದ್ದಿದ್ದರೂ ಏನೂ ಪ್ರಯೋಜನ ಇರಲಿಲ್ಲ, ಅದು ಬೇರೆ ಮಾತು. ನಮ್ಮವರಿಗೆ ವೈಪರ್ ನೀರು ಎಲ್ಲಿ ಹಾಕಬೇಕು ಅನ್ನೋದೂ ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಈ ಕಾರು ಓಡಿಸುತ್ತಿರುವುದು ನಾನು. ಅಂಕಲ್ ಅದನ್ನು ದಿನಾ ನೋಡುತ್ತಾರೆ.

"ಬ್ಯಾಟರಿ ಹೋಗಿದೆಯಮ್ಮಾ. ಹೊಸದೇ ಹಾಕಿಸಬೇಕು. ಸಾರ್‌ಗೆ ಫೋನ್ ಮಾಡು." ವಾಕಿಂಗ್‌ನಿಂದ ಬರುತ್ತಿದ್ದ ಇನ್ನೊಬ್ಬರು ನಿಂತರು. ಪೆಟ್ರೋಲ್ ಇದೆಯಾ ನೋಡಿದ್ರಾ? ಇಲಿ ವೈರ್ ಕಡಿದಿರಬೇಕು, ನಮ್ಮ ಅಳಿಯನ ಗಾಡಿಗೂ ಹೀಗೇ ಆಗಿತ್ತು. ಅವರೂ ಕೇಳಿದರು, ಸಾರ್ ಇಲ್ವಾ? ಹಾಲಿನವನೂ ಕೇಳಿದ. ಒಳಗಿಂದ ಅತ್ತೆಯ ದನಿ: "ಆಟೋ ಕರಿ."

ಕೊನೆಗೆ ಗ್ಯಾರೇಜಿನ ಹುಡುಗನಿಗೆ ಫೋನ್ ಮಾಡಿದೆ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಅವನು ಮೊದಲು ಕೇಳಿದ್ದು, "ಶಬ್ದ ಹೆಂಗ್ ಬರ್ತಿದೆ ಮೇಡಂ? ಒಂದೇ ಸಲ ಟಕ್ ಅಂತಾ, ಟಕ್ ಟಕ್ ಟಕ್ ಅಂತಾ, ಇಲ್ಲಾ ಸೆಲ್ಫ್ ತಿರುಗಿ ಇಂಜಿನ್ ಹಿಡೀತಾ ಇಲ್ವಾ?"

ಅಲ್ಲಿ ಅಷ್ಟು ಜನ ನಿಂತಿದ್ದರಲ್ಲ, ಇದನ್ನು ಒಬ್ಬರೂ ಕೇಳಿರಲಿಲ್ಲ. ಕೇಳಬೇಕಾದದ್ದು ಇದನ್ನೇ. ಸೆಲ್ಫ್, ಅಂದರೆ ಇಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟರ್, ಜೋರಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಪೆಟ್ರೋಲ್ ಬರುತ್ತಿಲ್ಲ ಅಥವಾ ಕಿಡಿ ಬರುತ್ತಿಲ್ಲ. ಒಂದೇ ಸಲ ಗಟ್ಟಿಯಾಗಿ ಟಕ್ ಅಂದರೆ ಸೆಲ್ಫ್ ಮೋಟರ್ ಮೇಲೆ ಅನುಮಾನ. ಟಕ್ ಟಕ್ ಟಕ್ ಅಂದರೆ ಕರೆಂಟ್ ಸಾಲುತ್ತಿಲ್ಲ. ಹಾಗಂತ ಬ್ಯಾಟರಿ ಸತ್ತಿದೆ ಅಂತಲೇ ಅರ್ಥ ಅಲ್ಲ. ದಾರಿಯಲ್ಲಿ ಎಲ್ಲೋ ತಡೆ ಇರಬಹುದು.

ಹತ್ತು ನಿಮಿಷಕ್ಕೆ ಸ್ಕೂಟರಿನಲ್ಲಿ ಬಂದ. ಮೀಟರ್ ಇಟ್ಟ. 12.5 ವೋಲ್ಟ್. "ಬ್ಯಾಟರಿ ಗಟ್ಟಿ ಇದೆ." ಆಮೇಲೆ ಎರಡೇ ಬೆರಳಲ್ಲಿ ನೆಗೆಟಿವ್ ಟರ್ಮಿನಲ್ ಹಿಡಿದು ತಿರುಗಿಸಿದ. ಬಾಟಲಿ ಮುಚ್ಚಳದ ಹಾಗೆ ತಿರುಗಿತು! ಸುತ್ತಲೂ ಬಿಳಿ ಹಸಿರು ಪುಡಿ, ತೇವಕ್ಕೆ ಹೆಪ್ಪುಗಟ್ಟಿದ ಉಪ್ಪಿನ ಹಾಗೆ. ಒಂದು ಹೆಡ್‌ಲೈಟ್ ಬಲ್ಬಿಗೆ ಐದು ಆಂಪಿಯರ್ ಸಾಕು. ಸೆಲ್ಫ್ ಹೊಡೆಯಲು ನೂರಕ್ಕೂ ಮೇಲೆ ಬೇಕು. ಈ ಪುಡಿ ದಾಟಿ ದೀಪದ ಕರೆಂಟ್ ಬರುತ್ತದೆ, ಸೆಲ್ಫಿನದು ಬರಲ್ಲ.

ನಾನು ಬಿಸಿನೀರು, ಅಡುಗೆ ಸೋಡಾ ತಂದುಕೊಟ್ಟೆ. ಸೋಡಾ ಬಿದ್ದದ್ದೇ ಪುಡಿ ಬುರುಬುರು ನೊರೆ ಎದ್ದಿತು. ತೊಳೆದ, ಒರೆಸಿದ, ಉಜ್ಜಿದ, 10ನೇ ನಂಬರ್ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿದ. ಒಂದೇ ಸೆಲ್ಫಿಗೆ ಸ್ಟಾರ್ಟ್. ಇನ್ನೂರು ರೂಪಾಯಿ ತಗೊಂಡ.

ಅತ್ತೆ ಇಡ್ಲಿ ತಿಂದರು, ಶುಗರ್ ಪರವಾಗಿಲ್ಲ, ಎಲ್ಲ ಮುಗಿಯಿತು. ಆದರೆ ವಾರವಿಡೀ ತಲೆಯಲ್ಲಿ ಅದೇ ಮಾತು. ಸಾರ್ ಇಲ್ವಾ ಮನೇಲಿ? ಅಂಕಲ್ ಕೆಟ್ಟವರಲ್ಲ. ಊರಿಗೆ ಹೋದಾಗ ನಮ್ಮ ಗಿಡಕ್ಕೆ ನೀರು ಹಾಕುವವರು ಅವರೇ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಅಪ್ಪನ ಹತ್ತಿರ ಪ್ರೀಮಿಯರ್ ಪದ್ಮಿನಿ ಇತ್ತು. ಹಾಸನದ ಡಿಸೆಂಬರ್ ಚಳಿಗೆ ಚೋಕ್ ಎಳೆದರೂ ಏಳುತ್ತಿರಲಿಲ್ಲ. ಆಗ ಅಮ್ಮ, ಅಕ್ಕ, ನಾನು ಹಿಂದಿನಿಂದ ತಳ್ಳಬೇಕು. ಅಪ್ಪ ಸ್ಟೀರಿಂಗ್ ಹಿಡಿದು ಸೆಕೆಂಡ್ ಗೇರಿನಲ್ಲಿ ಕ್ಲಚ್ ಒತ್ತಿ ಕೂತಿರುತ್ತಿದ್ದರು. ಪಕ್ಕದ ಸೀಟಿನಲ್ಲಿ ತಮ್ಮ, ನಮ್ಮೆಲ್ಲರಿಗಿಂತ ಚಿಕ್ಕವನು. ಅಪ್ಪ ಅವನಿಗೆ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು: "ಕ್ಲಚ್ ಯಾವಾಗ ಬಿಡ್ತೀನಿ ನೋಡ್ಕೋ." ಅವನು ನೋಡಿಕೊಂಡ. ನನಗೆ ಆ ಕಾರಿನಲ್ಲಿ ಚೆನ್ನಾಗಿ ನೆನಪಿರೋದು ಡಿಕ್ಕಿ. ಅಂಗೈಗೆ ತಣ್ಣಗೆ ತಾಗುತ್ತಿದ್ದ ಇಬ್ಬನಿ, ಬಲಗಡೆ ಪೇಂಟ್ ಎದ್ದಿದ್ದ ಒಂದು ಕಲೆ. ಡ್ರೈವಿಂಗ್ ಕಲಿತದ್ದು ಮದುವೆಯಾದ ಮೇಲೆ, ಕ್ಲಾಸಿಗೆ ದುಡ್ಡು ಕಟ್ಟಿ.

ಮಂಗಳವಾರ ರಾತ್ರಿಯ ಕತೆ ಹೇಳದಿದ್ದರೆ ಹೇಗೆ? ಇವರು ರೈಲಿಳಿದು ಬಂದಾಗ ಅಂಕಲ್ ಗೇಟಿನಲ್ಲೇ ಹಿಡಿದರು. "ಬ್ಯಾಟರಿ ಹಾಕಿಸಿದ್ರಾ ಸಾರ್? ನಾನು ಬೆಳಿಗ್ಗೇನೇ ಹೇಳಿದ್ದೆ."

"ಹೂಂ ಸಾರ್, ಥ್ಯಾಂಕ್ಸ್," ಅಂದರು ನಮ್ಮವರು. ಒಳಗೆ ಬಂದು ಶೂ ಬಿಚ್ಚುತ್ತಾ ನನ್ನನ್ನು ಕೇಳಿದರು, "ಬ್ಯಾಟರಿಗೆ ಎಷ್ಟಾಯ್ತೇ?"