ಜೂನ್ 1ಕ್ಕೆ ಹುಟ್ಟದ ನಾವು

ಪ್ರತಿ ವರ್ಷ ಮೇ 31 ಬಂತೆಂದರೆ ನಮ್ಮ ರಾಜ್ಯದ ಸರ್ಕಾರಿ ಕಚೇರಿಗಳಲ್ಲಿ ಶಾಲು, ಹಾರ, ಫೇಟಾಗಳದ್ದೇ ಗದ್ದಲ. ಒಂದೇ ದಿನ ಅಷ್ಟೊಂದು ಜನ ನಿವೃತ್ತಿ ಆಗುತ್ತಾರೆ. ನಮ್ಮ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1 ಅಲ್ವಾ, ಅದಕ್ಕೇ. ಶಾಲೆ ಶುರುವಾಗುವ ಹೊತ್ತಿಗೆ ಅಪ್ಪನೋ ಅವ್ವನೋ ಮಗುವನ್ನು ಕರೆದುಕೊಂಡು ಬರುತ್ತಿದ್ದರು. "ಯಾವಾಗ ಹುಟ್ಟ್ಯಾನೋ ಏನೋ, ನೀವ ಏನರ ಬರಕೋರಿ" ಎನ್ನುತ್ತಿದ್ದರು. ಮಾಸ್ತರು ಜೂನ್ 1 ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದರು. ಬಾಗಲಕೋಟೆಯಲ್ಲಿ ನಾನು ಕೆಲಸ ಮಾಡುವ ಕಚೇರಿಯಲ್ಲೂ ಜೂನ್ 1ರವರಿಗೆ ಬರವಿಲ್ಲ. ನಾನು ಮಾತ್ರ 1973ರ ಜನವರಿ 21ರವನು. ಗುಳೇದಗುಡ್ಡದ ನಮ್ಮ ಶಾಲೆಯಲ್ಲಿ ನನ್ನ ಜೊತೆ ಓದಿದ ಜಾಸ್ತಿ ಜನರಿಗೆ ಹೀಗೆ ಸ್ವಂತದ್ದೊಂದು ತಾರೀಖು ಇದೆ. ಅದು ನಮ್ಮ ಶಾಲೆಯ ಗುಮಾಸ್ತರು, ನಾವು ಕಾರಕೂನ ಸರ್ ಎನ್ನುತ್ತಿದ್ದವರು, ಮಾಡಿದ ಕೆಲಸ.

ಶಾಲೆಯ ಸಂಚಿಕೆಗೆ ಗುರುಗಳ ಬಗ್ಗೆ ಬರೆದುಕೊಡಿ ಎಂದು ಕೇಳಿದ್ದಾರೆ. ಗಣಿತದ ಮಾಸ್ತರರ ಬೆತ್ತ, ಕನ್ನಡದ ಮೇಡಂ ಅವರ ಕಂಠ, ಇವನ್ನೆಲ್ಲ ಬರೆಯುವವರು ಬೇರೆ ಇದ್ದಾರೆ. ನಾನು ಪಾಠವನ್ನೇ ಮಾಡದ ಒಬ್ಬರ ಬಗ್ಗೆ ಬರೆಯುತ್ತೇನೆ. ಅವರ ಹೆಸರು ಹಾಕುವುದಿಲ್ಲ. ಇದ್ದಿದ್ದರೆ ಅವರೇ ಬೇಡ ಎನ್ನುತ್ತಿದ್ದರು. ಊರಲ್ಲಿ ಓದಿದವರಿಗೆ ಹೇಗೂ ಗೊತ್ತಾಗುತ್ತದೆ.

ಕಾರಕೂನ ಸರ್ ಕ್ರೈಸ್ತರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರಕ ಸಂಸ್ಥೆ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ, 1851ರಲ್ಲಿ ನಮ್ಮ ಗುಳೇದಗುಡ್ಡಕ್ಕೆ ಬಂದವರು. ಸರ್ ಮನೆತನ ಆಗಿನಿಂದ ಊರಿನ ಕ್ರೈಸ್ತ ಸಭೆಯಲ್ಲಿತ್ತು. ಭಾನುವಾರ ದೇವಾಲಯದಲ್ಲಿ, ಅಂದರೆ ಚರ್ಚಿನಲ್ಲಿ, ಹಾರ್ಮೋನಿಯಂ ಬಾರಿಸುತ್ತಿದ್ದರು. ಸಭೆಯ ಲೆಕ್ಕಪತ್ರವೂ ಅವರದೇ. ಸುಗ್ಗಿ ಹಬ್ಬದಲ್ಲಿ ಜನ ಕಾಣಿಕೆ ತಂದ ಜೋಳ, ಕುಂಬಳಕಾಯಿ, ಕೋಳಿ ಎಲ್ಲ ಲಿಲಾವು ಆಗುತ್ತಿದ್ದವು. ಕೂಗುವವರು ಇವರೇ. ಒಂದು ಕುಂಬಳಕಾಯಿಯನ್ನು ಹೊಗಳುತ್ತಾ ಹೊಗಳುತ್ತಾ, ಕೊನೆಗೆ "ಹಿಂದ ಸ್ವಲ್ಪ ಕೊಳತೈತಿ, ನೋಡಿ ಕೂಗ್ರಿ" ಎಂದುಬಿಡುತ್ತಿದ್ದರಂತೆ. ಸಭೆಯ ಹಿರಿಯರು ತಲೆ ಚಚ್ಚಿಕೊಳ್ಳುತ್ತಿದ್ದರಂತೆ. ಇದನ್ನು ನನ್ನ ಗೆಳೆಯನೊಬ್ಬ ಹೇಳಿದ್ದು. ಅವನ ಮಾತಿನಲ್ಲಿ ಸ್ವಲ್ಪ ಉಪ್ಪುಖಾರ ಇರುತ್ತದೆ.

ತಾರೀಖಿನ ವಿಷಯಕ್ಕೆ ಬರುತ್ತೇನೆ. ಮಗುವನ್ನು ಹೆಸರು ಹಚ್ಚಲು ತಂದವರಿಗೆ ದಿನ ಗೊತ್ತಿಲ್ಲದಿದ್ದರೆ ಸರ್ ಆ ಕಾಲಂ ಖಾಲಿ ಬಿಡುತ್ತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಸೈಕಲ್ ಹತ್ತಿ ಆ ಮನೆಗೆ ಹೋಗುತ್ತಿದ್ದರು. ನಮ್ಮ ಮನೆಗೂ ಬಂದಿದ್ದರು. ಅಪ್ಪ ಖಣ ನೇಯುತ್ತಿದ್ದ. ಸರ್ ಮಗ್ಗದ ಗುಂಡಿಯ ಅಂಚಿಗೇ ಕೂತರು. ಆ ದಿನ ನಡೆದ ಮಾತನ್ನು ಅವ್ವ ಆಮೇಲೆ ಎಷ್ಟು ಸಲ ಹೇಳಿದ್ದಾಳೆಂದರೆ ನನಗೆ ಬಾಯಿಪಾಠ ಆಗಿದೆ.

"ಯಾವ ವರ್ಷ ತಂಗಿ?"

"ದೊಡ್ಡ ಬರ ಬಿದ್ದಿತ್ತಲ್ರೀ, ಆಗ. ಇವ್ರು ಮಗ್ಗ ಬಿಟ್ಟು ಕಡಿ ಒಡಿಯಾಕ ಹೋಗತಿದ್ರು."

"ಯಾವ ಹಬ್ಬದ ಮುಂದ?"

"ಬನದ ಹುಣ್ಣಿವಿ ಆಗಿ ಮೂರು ದಿನಕ್ಕ. ನಮ್ಮವ್ವ ಜಾತ್ರಿಗೆ ಹೋದಾಕಿ ನಾಟಕ ನೋಡಕೋಂತ ಅಲ್ಲೇ ಉಳಿದಿದ್ದಳು. ಬಾಣಂತನಕ್ಕ ಯಾರೂ ಇರಲಿಲ್ಲ."

ಬನಶಂಕರಿ ಜಾತ್ರೆ, 1972ರ ಬರ. ಇಷ್ಟು ಸಾಕಿತ್ತು ಅವರಿಗೆ. ಹಳೆಯ ಪಂಚಾಂಗಗಳನ್ನೆಲ್ಲ ಅವರು ಗಂಟು ಕಟ್ಟಿ ಇಟ್ಟುಕೊಂಡಿದ್ದರು. ಆ ಸಲ ಹುಣ್ಣಿಮೆ ಬಂದದ್ದು ಜನವರಿ 18ಕ್ಕೆ. ಹಾಗಾಗಿ ನಾನು 21. ಕ್ರೈಸ್ತರ ಮನೆಯಲ್ಲಿ ಪಂಚಾಂಗದ ಗಂಟು ಏಕೆ ಎಂದು ಸಭೆಯಲ್ಲಿ ಯಾರೋ ಕೇಳಿದ್ದರಂತೆ. "ನನಗ ಮುಂದಿಂದು ಬ್ಯಾಡ್ರಿ, ಹಿಂದಿನ ತಾರೀಖು ಬೇಕು" ಎಂದರಂತೆ ಸರ್.

ಸುಳ್ಳು ಬರೆಯದೆ ಇರುವುದು ಒಂದು. ನಿಜ ಏನೆಂದು ಹುಡುಕಿಕೊಂಡು ಹೋಗುವುದು ಇನ್ನೊಂದು. ಎರಡನೆಯದಕ್ಕೆ ಸೈಕಲ್ ತುಳಿಯಬೇಕು. ಜೂನ್ 1 ಎಂದು ಬರೆದಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಸಂಬಳವೂ ಅಷ್ಟೇ ಬರುತ್ತಿತ್ತು.

ಊರಿನ ದೊಡ್ಡ ಮನುಷ್ಯರೊಬ್ಬರು ಮಗನ ವಯಸ್ಸು ಎರಡು ವರ್ಷ ಕಡಿಮೆ ಬರೆಸಲು ಬಂದಿದ್ದರು. ನೌಕರಿ ಎರಡು ವರ್ಷ ಜಾಸ್ತಿ ಸಿಗುತ್ತದೆ ಎಂಬ ಲೆಕ್ಕ. ಶಾಲೆಯ ರಿಜಿಸ್ಟರಿನಲ್ಲಿ ಬಿದ್ದ ತಾರೀಖೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಗುತ್ತದೆ. ಆಮೇಲೆ ತಿದ್ದಬೇಕೆಂದರೆ ಕೋರ್ಟಿಗೆ ಹೋಗಬೇಕು. ಅದಕ್ಕೇ ಎಲ್ಲರೂ ಮೊದಲೇ ಎಚ್ಚರ ವಹಿಸುತ್ತಿದ್ದರು. ಸರ್ ಅವರಿಗೆ ಉಪದೇಶ ಮಾಡಲಿಲ್ಲ. "ಸಾಹೇಬ್ರ, ಹುಡುಗ ಹುಟ್ಟಿದಾಗ ನೀವು ಹಂಚಿದ ಪೇಢೆ ನಾನೂ ತಿಂದೇನ್ರಿ" ಎಂದರು. ಅಲ್ಲಿದ್ದವರೆಲ್ಲ ನಕ್ಕರು, ಆ ಮನುಷ್ಯರ ಹೊರತು. ಹುಡುಗ ಬೇರೆ ಶಾಲೆಗೆ ಹೋದ, ಅವನಿಗೆ ಬೇಕಾದ ತಾರೀಖು ಸಿಕ್ಕಿತು. ನಮ್ಮೂರಲ್ಲಿ ಸತ್ಯಕ್ಕೆ ಅಷ್ಟೇನೂ ದೊಡ್ಡ ಜಯ ಸಿಗುತ್ತಿರಲಿಲ್ಲ.

ರಿಜಿಸ್ಟರಿನ ಇನ್ನೊಂದು ಕಾಲಂ ಇದಕ್ಕಿಂತ ಕಷ್ಟದ್ದು. ಧರ್ಮ ಮತ್ತು ಜಾತಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಷ್ಟೇ ಪರಿಶಿಷ್ಟ ಜಾತಿಯವರು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ರಾಜ್ಯದಲ್ಲಿ ಅವರನ್ನು ಹಿಂದುಳಿದ ವರ್ಗಗಳ ಪಟ್ಟಿಗೆ ಹಾಕಿದ್ದಾರೆ, ನಿಜ. ಆದರೆ ಪರಿಶಿಷ್ಟರಿಗೆ ಸಿಗುವುದೆಲ್ಲ ಅಲ್ಲಿ ಸಿಗುವುದಿಲ್ಲ. ದೇವಾಲಯಕ್ಕೆ ಹೋದ ಮಾತ್ರಕ್ಕೆ ಓಣಿಯ ಜನ ಜಾತಿ ಮರೆಯುತ್ತಾರೆಯೇ? ಬಾವಿಯ ಹತ್ತಿರ ಅದೇ ಮಾತು, ಹೋಟೆಲಿನಲ್ಲಿ ಅದೇ ಬೇರೆ ಕಪ್ಪು. ಹಾಗಾಗಿ ಭಾನುವಾರ ಪ್ರಾರ್ಥನೆಗೆ ಬರುವ ಎಷ್ಟೋ ಮನೆಯವರು ಶಾಲೆಯಲ್ಲಿ ಹಿಂದೂ ಎಂದೇ ಬರೆಸುತ್ತಿದ್ದರು. ಮಕ್ಕಳಿಗೆ ಸ್ಕಾಲರ್‌ಶಿಪ್ ಬೇಕಿತ್ತು, ಹಾಸ್ಟೆಲ್ ಬೇಕಿತ್ತು.

ಸರ್ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಕ್ರೈಸ್ತ ಎಂದೇ ಬರೆದರು. ದೊಡ್ಡವಳು ನನ್ನ ಕ್ಲಾಸು. ನಮ್ಮಲ್ಲೆಲ್ಲ ಜಾಣೆ. ಅವಳಿಗೆ ಪರಿಶಿಷ್ಟರ ಸ್ಕಾಲರ್‌ಶಿಪ್ ಬರಲಿಲ್ಲ. ಅವಳ ಅವ್ವ ಇದಕ್ಕಾಗಿ ಗಂಡನ ಜೊತೆ ಬಹಳ ದಿನ ಜಗಳ ಆಡಿದರು, ನಮ್ಮ ಅವ್ವನ ಮುಂದೆ ಕಣ್ಣೀರು ಹಾಕಿದ್ದೂ ಉಂಟು. ಆದರೆ ಹಿಂದೂ ಎಂದು ಬರೆಸಿದ ನೆರೆಯವರ ಬಗ್ಗೆ ಸರ್ ಬಾಯಿಂದ ಒಂದು ಕೆಟ್ಟ ಮಾತು ಬರಲಿಲ್ಲ. ಸಭೆಯಲ್ಲಿ ಒಬ್ಬರು ಅವರ ಹೆಸರೆತ್ತಿ ಹೀಯಾಳಿಸಿದಾಗ, "ಹಸಿದವರ ಮ್ಯಾಲ ತೀರ್ಪು ಕೊಡಾಕ ನನಗ ಯಾರೂ ಕುರ್ಚಿ ಕೊಟ್ಟಿಲ್ಲ" ಎಂದರಂತೆ. ತಂದೆತಾಯಿ ಹೇಳಿದ್ದನ್ನು ಹಾಗೇ ಬರೆದುಕೊಳ್ಳುತ್ತಿದ್ದರು.

ಹಾಗಾದರೆ ಅವರ ನೇಮ ಅಲ್ಲಿ ಸಡಿಲವಾಯಿತೇ? ಪೇಢೆಯ ಸಾಹೇಬರಿಗೆ ಒಂದು ಅಳತೆ, ಬಡವರಿಗೆ ಒಂದು ಅಳತೆಯೇ? ನಾನು ಇದನ್ನು ಬಹಳ ಯೋಚಿಸಿದ್ದೇನೆ. ನನಗೆ ಅನಿಸುವುದು ಇಷ್ಟು: ಆ ಜನರನ್ನು ಸುಳ್ಳಿಗೆ ತಳ್ಳಿದ್ದು ಕಾನೂನು, ಮತ್ತು ನಾವು ಓಣಿಯವರು. ಸರ್‌ಗೆ ಅದು ಗೊತ್ತಿತ್ತು. ಕಠಿಣವಾದದ್ದನ್ನು ಅವರು ತಮ್ಮ ಮನೆಯೊಳಗೇ ಇಟ್ಟುಕೊಂಡರು. ಅದರ ಬೆಲೆಯನ್ನು ಹೆಂಡತಿ, ಮಕ್ಕಳೂ ಕೊಟ್ಟರು. ಇದು ಸರಿಯೇ ಎಂದು ಕೇಳಿದರೆ ನನ್ನ ಬಳಿ ಉತ್ತರ ಇಲ್ಲ. ಮಗಳು ಮುಂದೆ ನರ್ಸಿಂಗ್ ಓದಿದಳು. ಅಪ್ಪನ ಮೇಲೆ ಅವಳಿಗೆ ಹೆಮ್ಮೆಯೂ ಇದೆ, ಸಿಟ್ಟೂ ಇದೆ.

ಒಂದು ಮಾತು ಮರೆತೆ. ಸರ್‌ಗೂ ಅವರ ಅಣ್ಣನಿಗೂ ಮನೆಯ ನಡುಗೋಡೆಗಾಗಿ ಮಾತು ನಿಂತಿತ್ತು. ಒಂದು ಭಾನುವಾರ ಪ್ರಭುಭೋಜನ ಎಂಬ ರೊಟ್ಟಿ-ದ್ರಾಕ್ಷಾರಸದ ಆಚರಣೆಯ ಹೊತ್ತಿಗೆ ಸರ್ ಹಾರ್ಮೋನಿಯಂ ಮುಚ್ಚಿ ಎದ್ದು ಹೊರಗೆ ನಡೆದರಂತೆ. ಕಾಣಿಕೆ ಕೊಡಲು ಹೋದಾಗ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಎಲ್ಲರೂ ಕೇಳಿದ ಮಾತೇ. ಅದನ್ನು ಹಾಗೇ ಮಾಡಿದವರನ್ನು ಸಭೆಯವರು ನೋಡಿರಲಿಲ್ಲ. ಆ ದಿನ ಹಾಡುಗಳನ್ನು ಹಾರ್ಮೋನಿಯಂ ಇಲ್ಲದೆ, ಸುಮ್ನೆ ಎಳೆದೆಳೆದು ಹಾಡಿ ಮುಗಿಸಿದರಂತೆ. ಅಣ್ಣತಮ್ಮಂದಿರ ಮಾತು ಶುರುವಾಯಿತು. ಗೋಡೆ ಮಾತ್ರ ಹಾಗೇ ಇತ್ತು.

ಈಗ ಶಾಲೆಯವರಲ್ಲಿ ಒಂದು ವಿನಂತಿ. ಸರ್ ಕೈಬರಹದ ಆ ರಿಜಿಸ್ಟರುಗಳು ಆಫೀಸಿನ ಮೇಲಿನ ಕೋಣೆಯಲ್ಲಿವೆ. ಹಂಚು ಸೋರುತ್ತದೆ, ಗೆದ್ದಲು ಹತ್ತಿದೆ. ಅವನ್ನು ಸ್ಕ್ಯಾನ್ ಮಾಡಿಸಿ, ಒಂದು ಕಬ್ಬಿಣದ ಬೀರುವಿನಲ್ಲಿ ಇಡಿಸಿ. ಖರ್ಚು ನಮ್ಮ ಬ್ಯಾಚಿನವರು ಕೊಡುತ್ತೇವೆ. ಲೆಕ್ಕ ಮಾತ್ರ ರಸೀದಿ ಸಮೇತ ಬೇಕು.